ಒರೆಗಲ್ಲನ್ನು ಒರೆಗೆ ಹಚ್ಚುವವರು ಯಾರು?

ನಮ್ಮ ನಗರಗಳ ಮಧ್ಯಮ ವರ್ಗದ ಮನೆಗಳಲ್ಲಿ ಈಚೆಗೆ ಒಂದು ಹೊಸ ಗ್ರಂಥ ಸೇರಿಕೊಂಡಿದೆ. ಪಂಚಾಂಗವಿಲ್ಲದ ಮನೆಯನ್ನು ಕಾಣಬಹುದು. ಭಾರತ ರಾಮಾಯಣಗಳಿಲ್ಲದ ಮನೆಯನ್ನಂತೂ ಧಾರಾಳವಾಗಿ ಕಾಣಬಹುದು. ಆದರೆ ರಕ್ತಪರೀಕ್ಷೆಯ ವರದಿಗಳ ಕಡತವಿಲ್ಲದ ಮನೆಯನ್ನು ಕಾಣುವುದು ಕಷ್ಟ. ಈ ಕಡತಕ್ಕೆ ನಾವು ಸಲ್ಲಿಸುವ ಮರ್ಯಾದೆಯನ್ನು ಬೇರೆ ಯಾವ ಗ್ರಂಥಕ್ಕೂ ಸಲ್ಲಿಸುವುದಿಲ್ಲ. ಪುಸ್ತಕದಲ್ಲಿ ಬರೆದದ್ದನ್ನು ಒಪ್ಪುತ್ತೇವೆ, ಒಪ್ಪದೆ ಇರುತ್ತೇವೆ, ಪಾಠಾಂತರವೇನಾದರೂ ಉಂಟೆ ಎಂದು ವಿಚಾರಿಸುತ್ತೇವೆ. ವರದಿಯ ಮುಂದೆ ಮಾತ್ರ ನಮ್ಮ ಬಾಯಿ ಕಟ್ಟಿಹೋಗುತ್ತದೆ. ಅಚ್ಚಾದ ಅಂಕಿ, ಅದರ ಪಕ್ಕದಲ್ಲಿ ದಪ್ಪಕ್ಷರದ ಒಂದು ಗುರುತು — ಇಷ್ಟು ಕಂಡರೆ ಸಾಕು. ನಿನ್ನೆ ಸಂಜೆಯವರೆಗೆ ಗಟ್ಟಿಮುಟ್ಟಾಗಿದ್ದ ಯಜಮಾನರು ಇಂದು ಬೆಳಗ್ಗೆ ರೋಗಿಗಳಾಗುತ್ತಾರೆ.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು. ಔಷಧವನ್ನು ಪರೀಕ್ಷಿಸದೆ ಮಾರಕೂಡದೆಂಬ ವಿವೇಕ ಲೋಕಕ್ಕೆ ಬಂದು ಬಹಳ ಕಾಲವಾಯಿತು. ಆದರೆ ರೋಗವನ್ನು ಹೇಳುವ ಪರೀಕ್ಷೆಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ಪರೀಕ್ಷಿಸಬೇಕೆಂಬ ವಿವೇಕ ನಮ್ಮ ಮಾರುಕಟ್ಟೆಗೂ ಬಂದಿಲ್ಲ, ನಮಗೂ ಬಂದಿಲ್ಲ. ಕೆಟ್ಟ ಔಷಧ ಕುಡಿದವನನ್ನು ಕೆಡಿಸುತ್ತದೆ. ಕೆಟ್ಟ ಪರೀಕ್ಷೆಯಾದರೋ ಇಬ್ಬರನ್ನು ಕೆಡಿಸುತ್ತದೆ: ರೋಗವಿಲ್ಲದವನಿಗೆ ಇಲ್ಲದ ರೋಗವನ್ನು ಅಂಟಿಸುತ್ತದೆ, ರೋಗವಿದ್ದವನನ್ನು ನಿಶ್ಚಿಂತೆಯಿಂದಿರು ಎಂದು ಮನೆಗೆ ಕಳಿಸುತ್ತದೆ.

ಕನ್ನಡ ಪಾಠ ಹೇಳುವ ಮೇಷ್ಟರಿಗೆ ವೈದ್ಯಶಾಸ್ತ್ರದ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಅವರಿಗೆ ನನ್ನ ಉತ್ತರ ಎರಡು. ಮೊದಲನೆಯದು, ರಕ್ತ ನನ್ನದು, ಹಣ ನನ್ನದು, ವರದಿ ತಪ್ಪಾದರೆ ಅನುಭವಿಸತಕ್ಕವನೂ ನಾನೇ. ಕೇಳುವ ಹಕ್ಕು ಇದಕ್ಕಿಂತ ಹೆಚ್ಚಾಗಿ ಯಾರಿಗಿದ್ದೀತು? ಎರಡನೆಯದು, ಕನ್ನಡದಲ್ಲಿ ಕಾಲೇಜಿನ ಹುಡುಗ ಬರೆಯುವುದೂ ಪರೀಕ್ಷೆಯೇ, ಪ್ರಯೋಗಶಾಲೆಯಲ್ಲಿ ರಕ್ತಕ್ಕೆ ಮಾಡುವುದೂ ಪರೀಕ್ಷೆಯೇ. ಎರಡಕ್ಕೂ ಒಂದೇ ಪದ ಬಳಸುವ ನಮ್ಮ ಜನ ಕುರುಡರಲ್ಲ. ಉತ್ತರಪತ್ರಿಕೆಗಳ ಕಟ್ಟುಗಳ ನಡುವೆ ಬದುಕು ಸವೆಸಿದವನಿಗೆ, ಪರೀಕ್ಷೆಯೆಂಬುದು ಎಲ್ಲಿ ಎಡವುತ್ತದೆ ಎಂಬುದು ಸ್ವಲ್ಪವಾದರೂ ಗೊತ್ತಿರುತ್ತದೆ.

ಅಕ್ಕಸಾಲಿಗನ ಅಂಗಡಿಯನ್ನು ನೆನೆದುಕೊಳ್ಳಿ. ನೀವು ತಂದ ಬಳೆಯನ್ನು ಒರೆಗಲ್ಲಿಗೆ ಉಜ್ಜುತ್ತಾನೆ; ಬಿದ್ದ ಗೆರೆಯನ್ನು, ತನಗೆ ಗುಣ ಗೊತ್ತಿರುವ ಚಿನ್ನದ ಗೆರೆಯೊಡನೆ ಹೋಲಿಸುತ್ತಾನೆ. ಗೊತ್ತಿರುವುದರ ಜೊತೆಗೆ ಗೊತ್ತಿಲ್ಲದುದನ್ನು ಹೋಲಿಸುವುದು — ಪರೀಕ್ಷೆಯ ಮರ್ಮವೆಲ್ಲ ಇಷ್ಟರಲ್ಲಿದೆ. ವೈದ್ಯರ ಹೊಸ ಪರೀಕ್ಷೆಗೂ ಇದೇ ನ್ಯಾಯ. ಅದಕ್ಕಿಂತ ಹೆಚ್ಚು ನಂಬಿಕೆಗೆ ಅರ್ಹವಾದ ಇನ್ನೊಂದು ವಿಧಾನದೊಡನೆ ಅದನ್ನು ಹೋಲಿಸಿ ನೋಡಬೇಕು. ಇಂಗ್ಲಿಷಿನವರೂ ಆ ವಿಧಾನಕ್ಕೆ ಚಿನ್ನದ ಹೆಸರನ್ನೇ ಕೊಟ್ಟಿದ್ದಾರೆ; ನಾವು ಒರೆಗಲ್ಲು ಎಂದರೆ ಸಾಕು.

ಹೊಸ ಪರೀಕ್ಷೆಯೊಂದು ಹತ್ತಬೇಕಾದ ಮೆಟ್ಟಿಲು ಮೂರು. ತಾನು ಅಳೆಯುತ್ತೇನೆಂದದ್ದನ್ನು ಅದು ಸರಿಯಾಗಿ, ಪ್ರತಿ ಸಲವೂ ಒಂದೇ ರೀತಿ ಅಳೆಯುತ್ತದೆಯೆ? ಇದು ಮೊದಲನೆಯದು. ಆ ಅಳತೆಯಿಂದ ರೋಗವುಳ್ಳವರನ್ನೂ ಇಲ್ಲದವರನ್ನೂ ಬೇರೆಮಾಡಲು ಸಾಧ್ಯವೆ? ಇದು ಎರಡನೆಯದು. ಹಾಗೆ ಬೇರೆಮಾಡಿದ್ದರಿಂದ ರೋಗಿಯ ಆಯುಸ್ಸಿಗೋ ಸುಖಕ್ಕೋ ಏನಾದರೂ ಲಾಭವುಂಟೆ? ಇದು ಮೂರನೆಯದು. ನಮ್ಮ ಮಾರುಕಟ್ಟೆಯ ಜಾಣತನವೆಂದರೆ, ಮೊದಲನೆಯ ಮೆಟ್ಟಿಲ ಮೇಲೆ ನಿಂತು, ಮೂರನ್ನೂ ಹತ್ತಿದವರ ಗತ್ತಿನಲ್ಲಿ ಕೂಗುವುದು. ಪ್ರಯೋಗಶಾಲೆಗಳಿಗೆ ಎನ್‌ಎಬಿಎಲ್ ಮನ್ನಣೆಯೆಂಬುದೊಂದು ಉಂಟು. ಅದು ಬೇಕಾದದ್ದೇ, ಆದರೆ ಅದನ್ನು ಪಡೆಯುವುದು ಐಚ್ಛಿಕ. ಮೇಲಾಗಿ ಅದು ಹೇಳುವುದು ಈ ಪ್ರಯೋಗಶಾಲೆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತದೆ ಎಂದು; ಮಾಡುವ ಪರೀಕ್ಷೆಯೇ ನಿಮಗೆ ಬೇಕಾಗಿತ್ತೆ, ಅದು ಹೇಳುವ ಮಾತು ನಂಬತಕ್ಕದ್ದೆ ಎಂಬುದನ್ನಲ್ಲ. ಅಚ್ಚುಕಟ್ಟಾಗಿ ಬರೆದ ತಪ್ಪು ಉತ್ತರವನ್ನು ನಾನು ಎಷ್ಟೋ ನೋಡಿದ್ದೇನೆ.

ಎರಡನೆಯ ಮೆಟ್ಟಿಲಿನಲ್ಲಿಯೇ ಮೋಸದ ಬೀಜವಿರುವುದು. ಒಂದು ಪರೀಕ್ಷೆಗೆ ನೂರಕ್ಕೆ ತೊಂಬತ್ತೆಂಟರ ಕೀರ್ತಿ ತಂದುಕೊಡಬೇಕೆ? ಬಹಳ ಸುಲಭ. ಆಸ್ಪತ್ರೆಯಲ್ಲಿ ಮಲಗಿರುವ, ರೋಗ ಮೈಯೆಲ್ಲ ಹರಡಿರುವ ಐವತ್ತು ಮಂದಿಯನ್ನು ಒಂದು ಕಡೆ ನಿಲ್ಲಿಸಿ. ವೈದ್ಯಕೀಯ ಕಾಲೇಜಿನಲ್ಲಿ ಓದುವ, ಕಲ್ಲು ತಿಂದು ಕಲ್ಲು ಕರಗಿಸುವ ಐವತ್ತು ಹುಡುಗರನ್ನು ಇನ್ನೊಂದು ಕಡೆ ನಿಲ್ಲಿಸಿ. ಯಾವ ಪರೀಕ್ಷೆಯಾದರೂ ಇವರನ್ನು ಬೇರ್ಪಡಿಸೀತು. ನನ್ನ ಕಣ್ಣೂ ಬೇರ್ಪಡಿಸೀತು. ಕೈ ಹುಣ್ಣಿಗೆ ಕನ್ನಡಿ ಬೇಕೆ? ತರಗತಿಯಲ್ಲಿ ಮೊದಲನೆಯವನು ಯಾರು, ವರ್ಷವಿಡೀ ಪುಸ್ತಕ ಮುಟ್ಟದವನು ಯಾರು ಎಂಬುದನ್ನು ತಿಳಿಯಲು ಪ್ರಶ್ನೆಪತ್ರಿಕೆ ಬೇಕಿಲ್ಲ. ಪ್ರಶ್ನೆಪತ್ರಿಕೆ ಬೇಕಾಗುವುದು ಮೂವತ್ತೆರಡಕ್ಕೂ ಮೂವತ್ತೆಂಟಕ್ಕೂ ನಡುವೆ ತೂಗಾಡುವ ಹುಡುಗನಿಗಾಗಿ. ವೈದ್ಯರ ಪರೀಕ್ಷೆ ಬೇಕಾಗುವುದೂ ಅಂಥವನಿಗೇ: ಮೂರು ವಾರದಿಂದ ಕೆಮ್ಮುತ್ತಿರುವ, ಕ್ಷಯವೋ ಆಸ್ತಮಾವೋ ಬರಿಯ ಬೀಡಿಯ ಕೆಮ್ಮೋ ತಿಳಿಯದ ಮನುಷ್ಯನಿಗೆ. ಪರೀಕ್ಷೆಯನ್ನು ಅಳೆಯಬೇಕಾದುದು ಅವನ ಮೇಲೆ.

ಇದು ಕಲ್ಪನೆಯ ಮಾತಲ್ಲ. 1965ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದಲ್ಲಿ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್ ಎಂಬ ಸಂಶೋಧಕರು ದೊಡ್ಡ ಕರುಳಿನ ಕ್ಯಾನ್ಸರಿಗೆ ಸಂಬಂಧಿಸಿದ ವಸ್ತುವೊಂದನ್ನು ಕಂಡುಹಿಡಿದರು. ಸಿಇಎ ಎಂಬುದು ಅದರ ಚಿಕ್ಕ ಹೆಸರು. 1969ರಲ್ಲಿ ಅದನ್ನು ರಕ್ತದಲ್ಲಿ ಅಳೆಯುವ ವಿಧಾನ ಪ್ರಕಟವಾದಾಗ, ಆ ಕ್ಯಾನ್ಸರಿದ್ದ 36 ಮಂದಿಯಲ್ಲಿ 35 ಮಂದಿಯನ್ನು ಪರೀಕ್ಷೆ ಹಿಡಿಯಿತು. ಲೋಕವೆಲ್ಲ ಹಿಗ್ಗಿತು. ಅನಂತರ ರೋಗ ಇನ್ನೂ ಮೊಳಕೆಯಲ್ಲಿರುವವರ ಮೇಲೂ, ಬೇರೆ ಕಾಯಿಲೆಯುಳ್ಳವರ ಮೇಲೂ ಪ್ರಯೋಗಿಸಿದಾಗ ಆ ಕೀರ್ತಿ ಕರಗಿಹೋಯಿತು. ಮೊಳಕೆಯ ರೋಗಿಗಳಲ್ಲಿ ಅನೇಕರನ್ನು ಅದು ಬಿಟ್ಟಿತು. ಕ್ಯಾನ್ಸರಿಲ್ಲದ ಅನೇಕರನ್ನು ಹಿಡಿಯಿತು. ಇಂದು ಅದನ್ನು ಚಿಕಿತ್ಸೆಯಾದವರಲ್ಲಿ ರೋಗ ಮರಳಿತೆ ಎಂದು ನೋಡಲು ಬಳಸುತ್ತಾರೆ. ರೋಗವನ್ನು ಮೊದಲಿಗೆ ಪತ್ತೆಮಾಡಲು ಅದು ತಕ್ಕದ್ದಲ್ಲ. ಇಂಥ ಭ್ರಮೆ ಹೇಗೆ ಹುಟ್ಟುತ್ತದೆಂಬುದನ್ನು ಅಮೆರಿಕದ ರಾನ್ಸೋಹಾಫ್ ಮತ್ತು ಫೈನ್‌ಸ್ಟೈನ್ ಎಂಬ ವೈದ್ಯರು 1978ರಲ್ಲಿ ವಿವರಿಸಿದರು. ಎರಡು ತುದಿಗಳ ಮೇಲೆ ಮಾತ್ರ ನಡೆಸಿದ ಅಧ್ಯಯನಗಳು ಪರೀಕ್ಷೆಯ ಯೋಗ್ಯತೆಯನ್ನು ಎಷ್ಟೋ ಪಾಲು ಉಬ್ಬಿಸಿ ತೋರಿಸುತ್ತವೆ ಎಂದು ನೆದರ್ಲೆಂಡ್ಸಿನ ಸಂಶೋಧಕರು 1999ರಲ್ಲಿ ಲೆಕ್ಕಸಹಿತ ತೋರಿಸಿದರು. ಇಷ್ಟಾದ ಮೇಲೂ ಅದೇ ಹಳೆಯ ಉಪಾಯದಿಂದ ಗಳಿಸಿದ ಅಂಕಿಯನ್ನು ಪೆಟ್ಟಿಗೆಯ ಮೇಲೆ ಅಚ್ಚುಹಾಕಿ ಮಾರುವುದನ್ನು ಅಜ್ಞಾನವೆನ್ನಲು ನನಗೆ ಮನಸ್ಸು ಬಾರದು. ಅದಕ್ಕೆ ಬೇರೆ ಹೆಸರುಂಟು.

ಇದರ ಬೆಲೆಯನ್ನು ತೆತ್ತವರು ಯಾರು? ದೂರದವರಲ್ಲ, ನಮ್ಮ ದೇಶದವರೇ. ಕ್ಷಯದ ರಕ್ತಪರೀಕ್ಷೆಯ ಕಥೆಯನ್ನು ನಮ್ಮ ಪ್ರತಿಯೊಬ್ಬ ವಿದ್ಯಾವಂತನೂ ತಿಳಿದಿರಬೇಕು.

ಕ್ಷಯದ ಕ್ರಿಮಿಯನ್ನು ರಾಬರ್ಟ್ ಕಾಕ್ 1882ರಲ್ಲಿ ಲೋಕಕ್ಕೆ ತೋರಿಸಿಕೊಟ್ಟ. ಕಫವನ್ನು ಗಾಜಿನ ಮೇಲೆ ಹಚ್ಚಿ, ಬಣ್ಣ ಕಟ್ಟಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಅಂದಿನಿಂದ ಬಂದ ವಿಧಾನ. ಅದು ಅಗ್ಗ, ಕ್ರಿಮಿ ಕಂಡಿತೆಂದರೆ ಬಹುಮಟ್ಟಿಗೆ ನಂಬಬಹುದು, ಆದರೆ ಎಷ್ಟೋ ರೋಗಿಗಳಲ್ಲಿ ಕ್ರಿಮಿ ಕಾಣುವುದಿಲ್ಲ. ಕಫವನ್ನು ಬೆಳೆಸಿ ನೋಡುವ ವಿಧಾನ ಇನ್ನೂ ಉತ್ತಮ, ಅದೇ ಒರೆಗಲ್ಲು. ಆದರೆ ಅದಕ್ಕೆ ವಾರಗಟ್ಟಲೆ ಕಾಯಬೇಕು. ಈ ಸಂದಿನಲ್ಲಿ ವ್ಯಾಪಾರ ನುಗ್ಗಿತು. ಕ್ರಿಮಿಯ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಗಳು ಪೇಟೆಗೆ ಬಂದವು. ಕಫ ಉಗುಳುವ ಹೇಸಿಗೆಯಿಲ್ಲ, ಸೂಜಿಯ ಒಂದು ಚುಚ್ಚು, ಅಚ್ಚುಕಟ್ಟಾದ ವರದಿ. ನಗರದ ನಮಗೆ ಇದಕ್ಕಿಂತ ಇನ್ನೇನು ಬೇಕು?

ಬೇಕಾಗಿದ್ದದ್ದು ಸ್ವಲ್ಪ ವಿಚಾರ. ನಮ್ಮ ದೇಶದಲ್ಲಿ ಕ್ಷಯದ ಕ್ರಿಮಿ ಸೋಕಿಯೂ ರೋಗವಾಗದೆ ಆರೋಗ್ಯದಿಂದಿರುವವರು ಕೋಟ್ಯಂತರ. ಅಂಥವರ ರಕ್ತದಲ್ಲಿಯೂ ಪ್ರತಿಕಾಯವಿರಬಹುದು. ಇತ್ತ ನಿಜವಾದ ರೋಗಿ ತೀರ ಬಲಗುಂದಿದ್ದರೆ ಅವನ ದೇಹ ಪ್ರತಿಕಾಯವನ್ನು ತಯಾರಿಸದೆಯೂ ಇರಬಹುದು. ಅಂದರೆ ಈ ಪರೀಕ್ಷೆ ಹಿಡಿಯಬಾರದವನನ್ನು ಹಿಡಿದು ಹಿಡಿಯಬೇಕಾದವನನ್ನು ಬಿಡುವ ಸಂಭವ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಇದನ್ನು ವಿಚಾರಣೆಗೆ ತೆಗೆದುಕೊಂಡಾಗ, ಶ್ವಾಸಕೋಶದ ಕ್ಷಯದ ಬಗೆಗೇ 67 ಅಧ್ಯಯನಗಳು ಸಿಕ್ಕವು. ರೋಗವಿದ್ದವರನ್ನು ಗುರುತಿಸುವ ಶಕ್ತಿ ಒಂದು ಅಧ್ಯಯನದಲ್ಲಿ ಸೊನ್ನೆಯಾದರೆ ಇನ್ನೊಂದರಲ್ಲಿ ನೂರಕ್ಕೆ ನೂರು. ಇಲ್ಲದವರನ್ನು ಬಿಟ್ಟುಕೊಡುವ ಶಕ್ತಿ ನೂರಕ್ಕೆ 31ರಿಂದ 100ರವರೆಗೆ! ಒಂದೇ ಉತ್ತರಪತ್ರಿಕೆಗೆ ಒಬ್ಬ ಸೊನ್ನೆಯನ್ನೂ ಇನ್ನೊಬ್ಬ ನೂರನ್ನೂ ಕೊಟ್ಟರೆ ವಿಶ್ವವಿದ್ಯಾನಿಲಯದಲ್ಲಿ ಗಲಭೆಯಾಗುತ್ತದೆ. ಇಲ್ಲಿ ವ್ಯಾಪಾರವಾಯಿತು.

2011ರ ಜುಲೈ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಪರೀಕ್ಷೆಗಳನ್ನು ಕ್ಷಯರೋಗದ ಪತ್ತೆಗೆ ಬಳಸಕೂಡದೆಂದು ಸ್ಪಷ್ಟವಾಗಿ ಹೇಳಿತು. ಕ್ಷಯದ ವಿಷಯದಲ್ಲಿ, ವ್ಯಾಪಕವಾಗಿ ಬಳಕೆಯಲ್ಲಿದ್ದ ಪದ್ಧತಿಯೊಂದನ್ನು ಹೀಗೆ ನೇರವಾಗಿ ಬೇಡವೆಂದದ್ದು ಆ ಸಂಸ್ಥೆಯ ಇತಿಹಾಸದಲ್ಲಿ ಅದೇ ಮೊದಲು. ಆಗ ಪೇಟೆಯಲ್ಲಿ ಇಂಥ ಪರೀಕ್ಷೆಗಳು ಕಡಮೆಯೆಂದರೂ 18 ಇದ್ದವು. ಬಹುಪಾಲು ಯೂರೋಪು ಮತ್ತು ಉತ್ತರ ಅಮೆರಿಕಗಳಲ್ಲಿ ತಯಾರಾಗಿ ಬಡದೇಶಗಳಲ್ಲಿ ಮಾರಾಟವಾಗುತ್ತಿದ್ದವು. ಒಂದಕ್ಕೂ ಮಾನ್ಯ ನಿಯಂತ್ರಣ ಸಂಸ್ಥೆಯೊಂದರ ಒಪ್ಪಿಗೆ ಇರಲಿಲ್ಲ. ತಯಾರಿಸಿದವರು ತಮ್ಮ ಮನೆಯಲ್ಲಿ ಉಣ್ಣದ ಅನ್ನವನ್ನು ನಮಗೆ ಬಡಿಸಿದರು. ಒಂದೊಂದು ಪರೀಕ್ಷೆಗೆ ರೋಗಿ 30 ಡಾಲರಿನವರೆಗೆ ತೆರುತ್ತಿದ್ದ. ಭಾರತದ ಖಾಸಗಿ ಕ್ಷೇತ್ರದಲ್ಲಿಯೇ ವರ್ಷಕ್ಕೆ ಸುಮಾರು 15 ಲಕ್ಷ ಪರೀಕ್ಷೆಗಳು, ಸುಮಾರು ಒಂದೂವರೆ ಕೋಟಿ ಡಾಲರಿನ ವೆಚ್ಚ ಎಂಬುದು ಆಗಿನ ಅಂದಾಜು. ಸರ್ಕಾರದ ಕ್ಷಯ ನಿಯಂತ್ರಣ ಕಾರ್ಯಕ್ರಮ ಈ ಪರೀಕ್ಷೆಯನ್ನು ಬಳಸುತ್ತಿರಲಿಲ್ಲ. ಬಡವರ ಆಸ್ಪತ್ರೆ ತಿರಸ್ಕರಿಸಿದ್ದನ್ನು ಕಾಸುಳ್ಳವರ ಚಿಕಿತ್ಸಾಲಯ ಮಾರಿತು. ತಯಾರಕ, ದಲ್ಲಾಳಿ, ಪ್ರಯೋಗಶಾಲೆ, ಚೀಟಿ ಬರೆದ ವೈದ್ಯ — ಸರಪಳಿಯ ಕೊಂಡಿಕೊಂಡಿಗೂ ಪಾಲಿತ್ತು. ಪಾಲಿಲ್ಲದವನು ರೋಗಿಯೊಬ್ಬನೇ.

ಅದೇ ವರ್ಷ ಸಂಶೋಧಕರು ಒಂದು ಲೆಕ್ಕವನ್ನು ಪ್ರಕಟಿಸಿದರು. ಭಾರತದಲ್ಲಿ ಕ್ಷಯದ ಶಂಕೆಯುಳ್ಳ 15 ಲಕ್ಷ ಮಂದಿಗೆ ಕಫಪರೀಕ್ಷೆಯ ಬದಲು ಈ ರಕ್ತಪರೀಕ್ಷೆ ಮಾಡಿದರೆ, ಹೆಚ್ಚಾಗಿ ಸಿಕ್ಕುವ ನಿಜವಾದ ರೋಗಿಗಳು 14,000. ಆದರೆ ಹೆಚ್ಚಾಗಿ ಹುಟ್ಟುವ ಸುಳ್ಳು ರೋಗಿಗಳು 1,21,000. ಈ ಅಂಕಿಯನ್ನು ಓದಿ ಮುಂದೆ ಹೋಗಬೇಡಿ, ಒಂದು ಗಳಿಗೆ ನಿಲ್ಲಿ. ಸುಳ್ಳು ರೋಗಿಯೆಂದರೆ ಆರು ತಿಂಗಳು ಯಕೃತ್ತನ್ನು ಹಿಂಡಬಲ್ಲ ಗುಳಿಗೆಗಳನ್ನು ಸುಮ್ಮನೆ ನುಂಗುವವನು. ನಿಶ್ಚಿತಾರ್ಥ ಮುರಿದುಹೋದ ಹುಡುಗಿ ಅವಳು. ತನ್ನ ಲೋಟ ತಟ್ಟೆಗಳನ್ನು ಸೊಸೆ ಬೇರೆ ಇಟ್ಟದ್ದನ್ನು ನೋಡಿ ಮಾತಾಡದೆ ಉಂಡೇಳುವ ಮುದುಕ ಅವನು. ಅವನ ಕೆಮ್ಮಿಗೆ ನಿಜವಾದ ಕಾರಣ ಬೇರೆಯಿತ್ತು. ಅದನ್ನು ಹುಡುಕುವುದು ಅಲ್ಲಿಗೇ ನಿಂತಿತು. ಭಾರತ ಸರ್ಕಾರ 2012ರ ಜೂನ್ ತಿಂಗಳಲ್ಲಿ ಈ ಪರೀಕ್ಷೆಗಳ ಆಮದು, ತಯಾರಿಕೆ, ಮಾರಾಟ, ಬಳಕೆಗಳನ್ನೆಲ್ಲ ನಿಷೇಧಿಸಿತು. ಒಳ್ಳೆಯದಾಯಿತು. ಆದರೆ ಮಾರಿಬಿಟ್ಟ ಮೇಲೆ ನಿಷೇಧಿಸುವುದು ಪರೀಕ್ಷೆಯಲ್ಲ, ಪ್ರಾಯಶ್ಚಿತ್ತ.

ಹಾಗಾದರೆ ಸರಿಯಾದ ದಾರಿ ಇರಲಿಲ್ಲವೆ? ಇತ್ತು, ನಮ್ಮ ನಾಡಿನಲ್ಲಿಯೇ ಇತ್ತು. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅಲ್ಲಿಯ ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬವರು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯರೋಗಿಗಳನ್ನು ಅವರವರ ಮನೆಯಲ್ಲಿಯೇ ಕಂಡು ವಿಚಾರಿಸಿ 1963ರಲ್ಲಿ ವರದಿ ಪ್ರಕಟಿಸಿದರು. ರೋಗಿಗಳಲ್ಲಿ ಹೆಚ್ಚಿನವರಿಗೆ ತಮ್ಮ ದೇಹಸ್ಥಿತಿಯ ಅರಿವಿತ್ತು. ಸುಮಾರು ಅರ್ಧದಷ್ಟು ಮಂದಿ ತಾವಾಗಿಯೇ ಆಸ್ಪತ್ರೆಗೂ ಹೋಗಿದ್ದರು. ಹಳ್ಳಿಗರಿಗೆ ತಿಳಿವಳಿಕೆಯಿಲ್ಲವೆಂಬ ನಮ್ಮ ಪಟ್ಟಣದ ಜಂಬಕ್ಕೆ ಬಿದ್ದ ಏಟು ಅದು. ನನ್ನ ವಿಷಯಕ್ಕೆ ಅದು ಹೇಳಿಕೊಡುವ ಪಾಠ ಇನ್ನೊಂದು: ಪರೀಕ್ಷೆ ಯಾರಿಗಾಗಿ ಎಂಬುದನ್ನು ಮೊದಲು ತಿಳಿ. ಕೆಮ್ಮುತ್ತ ಆಸ್ಪತ್ರೆಯ ಬಾಗಿಲಿಗೆ ಬಂದು ನಿಂತವರೇ ಪರೀಕ್ಷೆಯ ನಿಜವಾದ ಕಣ.

2010ರಲ್ಲಿ ಎಕ್ಸ್‌ಪರ್ಟ್ ಎಂಬ ಹೊಸ ಪರೀಕ್ಷೆಯನ್ನು ಆ ಕಣದಲ್ಲಿಯೇ ಇಳಿಸಿ ನೋಡಿದರು. ಪೆರು, ಅಜರ್‌ಬೈಜಾನ್, ದಕ್ಷಿಣ ಆಫ್ರಿಕ, ಭಾರತ — ಈ ನಾಲ್ಕು ದೇಶಗಳಲ್ಲಿ ಕ್ಷಯದ ಶಂಕೆಯಿಂದ ಬಂದ 1,730 ಮಂದಿ. ಒರೆಗಲ್ಲು, ಕಫವನ್ನು ಬೆಳೆಸಿ ನೋಡುವ ವಿಧಾನ. ಸೂಕ್ಷ್ಮದರ್ಶಕಕ್ಕೆ ಕ್ರಿಮಿ ಕಾಣುವ ರೋಗಿಗಳಲ್ಲಿ ಒಂದು ಸಲದ ಪರೀಕ್ಷೆ ನೂರಕ್ಕೆ 98.2 ಮಂದಿಯನ್ನು ಹಿಡಿಯಿತು. ಕಾಣದ ರೋಗಿಗಳಲ್ಲಿ 72.5 ಮಂದಿಯನ್ನು ಮಾತ್ರ. ರೋಗವಿಲ್ಲದವರಲ್ಲಿ ನೂರಕ್ಕೆ 99.2 ಮಂದಿಗೆ ಇಲ್ಲವೆಂದಿತು. ನನಗೆ ಇದರಲ್ಲಿ ಅತ್ಯಂತ ಗೌರವಾರ್ಹವಾಗಿ ಕಾಣುವ ಅಂಕಿ 98.2 ಅಲ್ಲ, 72.5. ತನ್ನ ದೌರ್ಬಲ್ಯವನ್ನು ತಾನೇ ಅಚ್ಚುಹಾಕಿಸಿದ ಪರೀಕ್ಷೆಯನ್ನು ನಂಬಬಹುದು. ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ರೂಪುಗೊಂಡ ಟ್ರೂನ್ಯಾಟ್ ಪರೀಕ್ಷೆಯೂ ಹೀಗೆಯೇ ಹಲವು ದೇಶಗಳ ರೋಗಿಗಳ ಮೇಲೆ ಒರೆಗೆ ನಿಂತು, 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆ ಪಡೆಯಿತು. ನಮ್ಮವರಿಗೆ ಸಾಧ್ಯವಿಲ್ಲದ ಕೆಲಸವೇನೂ ಇದಲ್ಲ.

ಒರೆಗಲ್ಲೇ ಸವೆದಿದ್ದರೆ ಮಾಡುವುದೇನು ಎಂಬ ಪ್ರಶ್ನೆಯೂ ಉಂಟು. ಟೈಫಾಯಿಡ್ಡಿಗೆ ನಾವು ಮಾಡಿಸುವ ವಿಡಾಲ್ ಪರೀಕ್ಷೆ 1896ರಷ್ಟು ಹಳೆಯದು. ಹಿಂದೆ ಎಂದೋ ಆ ಕ್ರಿಮಿ ಸೋಕಿದವನಿಗೂ, ಲಸಿಕೆ ಹಾಕಿಸಿಕೊಂಡವನಿಗೂ, ಕೆಲವೊಮ್ಮೆ ಬೇರೆ ಜ್ವರದವನಿಗೂ ಅದು ಹೌದೆನ್ನಬಹುದು. ಒಂದು ವಾರ ಹತ್ತು ದಿನದ ಅಂತರದಲ್ಲಿ ಎರಡು ಸಲ ನೋಡಿ, ಪ್ರಮಾಣ ನಾಲ್ಕು ಪಟ್ಟು ಏರಿದರೆ ಮಾತ್ರ ಅದಕ್ಕೆ ಅರ್ಥವೆಂದು ಪಠ್ಯಪುಸ್ತಕಗಳು ಹೇಳುತ್ತವೆ. ಎರಡನೆಯ ಸಲ ಮಾಡಿಸಿದವರನ್ನು ನಾನು ಕಾಣೆ. ನನ್ನ ಸಹೋದ್ಯೋಗಿಯೊಬ್ಬರಿಗೆ ಮೂರು ವರ್ಷದಲ್ಲಿ ನಾಲ್ಕು ಸಲ ಟೈಫಾಯಿಡ್ ಬಂದಿದೆ. ಎಂದರೆ, ನಾಲ್ಕು ಸಲ ವರದಿಯಲ್ಲಿ ಬಂದಿದೆ. ನಾಲ್ಕು ಸಲವೂ ಅವರು ಪ್ರಬಲವಾದ ಔಷಧ ನುಂಗಿದ್ದಾರೆ. ರಕ್ತವನ್ನು ಬೆಳೆಸಿ ನೋಡುವುದು ಇಲ್ಲಿಯ ಒರೆಗಲ್ಲು. ಅದೂ ಎಷ್ಟೋ ರೋಗಿಗಳನ್ನು ಬಿಟ್ಟುಬಿಡುತ್ತದೆ. ಒರೆಗಲ್ಲು ಸವೆದಿದ್ದಾಗ ಮಾಡಬೇಕಾದುದು ಇನ್ನಷ್ಟು ಎಚ್ಚರದ ತೀರ್ಪು. ನಾವು ಮಾಡುತ್ತಿರುವುದು ಅದರ ವಿರುದ್ಧ.

ಇನ್ನು ಶೇಕಡಾವಾರಿನ ಮಾಯೆ. ಪರೀಕ್ಷೆಗೆ ಎರಡು ಗುಣಗಳಿರಬೇಕು: ಇದ್ದುದನ್ನು ಇದೆಯೆನ್ನುವ ಶಕ್ತಿ, ಇಲ್ಲದುದನ್ನು ಇಲ್ಲವೆನ್ನುವ ಶಕ್ತಿ. ಎದೆಯ ಎಕ್ಸ್‌ರೇ ಓದುವುದರ ಬಗ್ಗೆ ಅಮೆರಿಕದಲ್ಲಿ ನಡೆದ ಅಧ್ಯಯನಗಳ ಸಂದರ್ಭದಲ್ಲಿ ಯೆರುಶಾಲ್ಮಿ ಎಂಬ ಸಂಖ್ಯಾಶಾಸ್ತ್ರಜ್ಞ 1947ರಲ್ಲಿ ಇವನ್ನು ಸ್ಪಷ್ಟವಾಗಿ ಬೇರೆಮಾಡಿ ಹೇಳಿದ. ಅದೇ ಚಿತ್ರವನ್ನು ಎರಡನೆಯ ಸಲ ನೋಡಿದ ತಜ್ಞ ತನ್ನದೇ ಮೊದಲ ತೀರ್ಪನ್ನು ಒಪ್ಪದ ಪ್ರಸಂಗಗಳು ಆ ಅಧ್ಯಯನಗಳಲ್ಲಿ ಕಡಮೆಯಿರಲಿಲ್ಲ. ಮರುಮೌಲ್ಯಮಾಪನ ಮಾಡಿದ ಮೇಷ್ಟರುಗಳಿಗೆ ಇದು ಆಶ್ಚರ್ಯ ತರದು. ಈ ಎರಡು ಗುಣಗಳೂ ಗೊತ್ತಾದ ಮೇಲೂ ಮೂರನೆಯ ಸಂಗತಿಯೊಂದು ಉಳಿಯುತ್ತದೆ: ಪರೀಕ್ಷಿಸಿಕೊಳ್ಳುವವರಲ್ಲಿ ರೋಗ ಎಷ್ಟು ಮಂದಿಗಿದೆ?

ಲೆಕ್ಕ ಮಾಡಿ ನೋಡೋಣ. ರೋಗವಿದ್ದ ನೂರು ಮಂದಿಯಲ್ಲಿ 90 ಮಂದಿಯನ್ನು ಹಿಡಿಯುವ, ಇಲ್ಲದ ನೂರು ಮಂದಿಯಲ್ಲಿ 95 ಮಂದಿಯನ್ನು ಬಿಡುವ ಪರೀಕ್ಷೆಯೊಂದಿದೆ ಎನ್ನೋಣ. ಒಳ್ಳೆಯ ಪರೀಕ್ಷೆಯೇ. ರೋಗದ ಲಕ್ಷಣಗಳಿರುವ, ನೂರಕ್ಕೆ ಮೂವತ್ತು ಮಂದಿಗೆ ರೋಗವಿರುವ 10,000 ಜನರಿಗೆ ಇದನ್ನು ಮಾಡಿದರೆ, ಹೌದೆಂಬ ವರದಿ ಬಂದ 3,050 ಮಂದಿಯಲ್ಲಿ 2,700 ಮಂದಿ ನಿಜವಾದ ರೋಗಿಗಳು. ಇದೇ ಪರೀಕ್ಷೆಯನ್ನು, ನೂರಕ್ಕೆ ಒಬ್ಬನಿಗೆ ಮಾತ್ರ ರೋಗವಿರುವ, ಏನೂ ತೊಂದರೆಯಿಲ್ಲದ 10,000 ಜನರಿಗೆ ಮಾಡಿ. ಹೌದೆಂಬ ವರದಿ ಬಂದ 585 ಮಂದಿಯಲ್ಲಿ ನಿಜವಾದ ರೋಗಿಗಳು 90. ಮಿಕ್ಕ 495 ಮಂದಿ ಸುಮ್ಮನೆ ಬೆವರಿದವರು. ಯಂತ್ರ ಅದೇ, ಪ್ರಯೋಗಶಾಲೆ ಅದೇ, ಅಚ್ಚೂ ಅದೇ. ವರದಿಯ ಅರ್ಥ ಮಾತ್ರ ತಲೆಕೆಳಗಾಯಿತು. ಭಾಷೆ ಕಲಿಸುವವರಿಗೆ ಇದು ಹೊಸತಲ್ಲ. ಸಂದರ್ಭ ತಿಳಿಯದೆ ಪದದ ಅರ್ಥ ಹೇಳಲಾಗದು.

ಹಬ್ಬದ ರಿಯಾಯಿತಿಯಲ್ಲಿ ಬರುವ ಸಮಗ್ರ ತಪಾಸಣೆಯ ಗುಟ್ಟೂ ಇಲ್ಲಿಯೇ ಇದೆ. ವರದಿಯಲ್ಲಿ ಸಹಜ ಮಿತಿ ಎಂದು ಬರೆದಿರುತ್ತದೆಯಷ್ಟೆ. ಸಾಮಾನ್ಯವಾಗಿ ಅದು ಆರೋಗ್ಯವಂತರಲ್ಲಿ ನಡುವಿನ ನೂರಕ್ಕೆ 95 ಮಂದಿಯ ಅಳತೆ. ಉಳಿದ ಐದು ಮಂದಿ ಆರೋಗ್ಯವಂತರಾಗಿದ್ದೂ ಮಿತಿಯಾಚೆ ಬೀಳುತ್ತಾರೆ. ಒಂದಕ್ಕೊಂದು ಸಂಬಂಧವಿಲ್ಲದ ಇಪ್ಪತ್ತು ಪರೀಕ್ಷೆಗಳನ್ನು ಮಾಡಿಸಿಕೊಂಡ ಗಟ್ಟಿಮುಟ್ಟಾದ ಮನುಷ್ಯನಿಗೆ ಒಂದಾದರೂ ದಪ್ಪಕ್ಷರದ ಗುರುತು ಬೀಳುವ ಸಂಭವ ನೂರಕ್ಕೆ 64. ಅರವತ್ತು ಪರೀಕ್ಷೆಗಳ ಪೊಟ್ಟಣವನ್ನು ಕೊಂಡು, ಎಲ್ಲವೂ ಸರಿಯಾಗಿರಲೆಂದು ದೇವರಿಗೆ ಹರಕೆ ಹೊರುವುದು ಗಣಿತಕ್ಕೂ ದೇವರಿಗೂ ಮಾಡುವ ಅನ್ಯಾಯ.

ತಪಾಸಣೆಯಿಂದ ನಷ್ಟವೇನು, ಮನಸ್ಸಿಗೆ ಸಮಾಧಾನವಾದರೂ ಆದೀತಲ್ಲ ಎನ್ನುವವರು ದಕ್ಷಿಣ ಕೊರಿಯಾವನ್ನು ನೋಡಬೇಕು. ಅಲ್ಲಿ 1999ರಲ್ಲಿ ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಆರಂಭವಾಯಿತು. ಥೈರಾಯಿಡ್ ಅದರಲ್ಲಿ ಸೇರಿರಲಿಲ್ಲ. ಆದರೆ ಸ್ವಲ್ಪ ಹಣ ಹೆಚ್ಚು ಕೊಟ್ಟರೆ ಕೊರಳಿನ ಅಲ್ಟ್ರಾಸೌಂಡನ್ನೂ ಮಾಡುವ ಪದ್ಧತಿ ಹಬ್ಬಿತು. 2011ರ ಹೊತ್ತಿಗೆ ಥೈರಾಯಿಡ್ ಕ್ಯಾನ್ಸರಿನ ಪ್ರಮಾಣ 1993ರಲ್ಲಿದ್ದುದರ 15 ಪಟ್ಟಾಯಿತು. ಆ ಒಂದೇ ವರ್ಷ 40,000ಕ್ಕೂ ಹೆಚ್ಚು ಮಂದಿಗೆ ರೋಗವೆಂದು ಹೇಳಲಾಯಿತು. ಆ ರೋಗದಿಂದ ಸಾಯುವವರ ಸಂಖ್ಯೆಯೋ, ಮುಂಚಿನಂತೆಯೇ ವರ್ಷಕ್ಕೆ 300ರಿಂದ 400. ಪರೀಕ್ಷೆ ಸುಳ್ಳು ಹೇಳಿರಲಿಲ್ಲ. ಕೊರಳಿನಲ್ಲಿ ಗಂಟು ನಿಜವಾಗಿಯೂ ಇತ್ತು. ಆದರೆ ಅದು ಬಹುಪಾಲು ಮಂದಿಯನ್ನು ಎಂದೂ ಬಾಧಿಸದೆ ಇರುವಂಥ ಗಂಟು. ಹಾಗಿದ್ದೂ ಹೆಚ್ಚುಕಡಮೆ ಎಲ್ಲರಿಗೂ ಶಸ್ತ್ರಚಿಕಿತ್ಸೆಯಾಯಿತು. ಅವರಲ್ಲಿ ನೂರಕ್ಕೆ 11 ಮಂದಿಗೆ ದೇಹದ ಸುಣ್ಣಾಂಶವನ್ನು ಕಾಯುವ ಗ್ರಂಥಿಗಳು ಕೆಟ್ಟವು. ನೂರಕ್ಕೆ ಇಬ್ಬರಿಗೆ ಧ್ವನಿತಂತು ಸ್ವಾಧೀನ ತಪ್ಪಿತು. ಮೂರನೆಯ ಮೆಟ್ಟಿಲನ್ನು ಹತ್ತದ ಪರೀಕ್ಷೆ ಎರಡನೆಯದನ್ನು ಹತ್ತಿದ್ದರೂ ಸಾಲದೆಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೆ?

ತುರ್ತು ಕಾಲದಲ್ಲಿ ಇಷ್ಟೆಲ್ಲ ನೋಡುತ್ತ ಕೂರಲಾದೀತೆ ಎಂಬುದು ಇನ್ನೊಂದು ಆಕ್ಷೇಪ. 2020ರ ಏಪ್ರಿಲ್ ತಿಂಗಳಲ್ಲಿ ಕೊರೋನಾ ಭಯದ ನಡುವೆ ಹೊರದೇಶದಿಂದ ಲಕ್ಷಗಟ್ಟಲೆ ಪ್ರತಿಕಾಯ ಪರೀಕ್ಷೆಯ ಕಿಟ್ಟುಗಳನ್ನು ತರಿಸಿದೆವು. ರಾಜ್ಯಗಳು ಬಳಸಿ ನೋಡಿದಾಗ ಫಲಿತಾಂಶಗಳು ಒಂದಕ್ಕೊಂದು ಹೊಂದಲಿಲ್ಲ. ಅದೇ ತಿಂಗಳ 27ರಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ಆ ಕಿಟ್ಟುಗಳನ್ನು ಹಿಂದಿರುಗಿಸುವಂತೆ ರಾಜ್ಯಗಳಿಗೆ ಸೂಚಿಸಬೇಕಾಯಿತು. ಅವಸರಕ್ಕೆ ಅಡ್ಡದಾರಿ ಹಿಡಿದವನು ಬಂದ ದಾರಿಯಲ್ಲಿಯೇ ಹಿಂದಕ್ಕೆ ನಡೆಯಬೇಕಾಗುತ್ತದೆ.

ನಾನು ಪರೀಕ್ಷೆಗಳ ವಿರೋಧಿಯಲ್ಲ. ನಾಡಿ ಹಿಡಿದು ಎಲ್ಲವನ್ನೂ ಹೇಳುತ್ತೇವೆನ್ನುವವರ ಪಕ್ಷಪಾತಿಯಂತೂ ಅಲ್ಲವೇ ಅಲ್ಲ. ವಿಜ್ಞಾನವನ್ನು ಗೌರವಿಸುವವನು ಅದರ ಹೆಸರಿನಲ್ಲಿ ಮಾರುವ ಸರಕನ್ನೂ ಗೌರವಿಸಬೇಕೆಂಬ ನಿಯಮವಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ. ಹಿಂದೆ ನಮ್ಮ ಸರ್ಕಾರ ಎಚ್‌ಐವಿ, ಕಾಮಾಲೆ, ರಕ್ತದ ಗುಂಪು ಮುಂತಾದ ಕೆಲವೇ ಪರೀಕ್ಷೆಗಳ ಮೇಲೆ ಬಿಗಿಯಾದ ಕಣ್ಣಿಟ್ಟಿತ್ತು, ಮಿಕ್ಕವು ಸಡಿಲ. 2017ರಲ್ಲಿ ವೈದ್ಯಕೀಯ ಸಾಧನಗಳ ನಿಯಮಾವಳಿ ಬಂದು 2018ರ ಜನವರಿ 1ರಿಂದ ಜಾರಿಯಾಯಿತು. ಹೊಸ ಬಗೆಯ ಪರೀಕ್ಷೆಯ ಯೋಗ್ಯತೆಯನ್ನು ರೋಗಿಗಳ ಮಾದರಿಗಳ ಮೇಲೆ ತೋರಿಸಬೇಕೆಂಬ ಕಟ್ಟಳೆ ಅದರಲ್ಲಿದೆ. ಕಾನೂನು ಬಂತು, ಕೇಳುವ ಅಭ್ಯಾಸ ಇನ್ನೂ ಬರಬೇಕು.

ನನ್ನ ಬೇಡಿಕೆ ದೊಡ್ಡದೇನಲ್ಲ. ಪ್ರತಿಯೊಂದು ಪರೀಕ್ಷೆಯ ಜೊತೆಗೂ ನಾಲ್ಕು ಸಾಲು ಪ್ರಕಟವಾಗಲಿ: ಇದನ್ನು ಯಾವ ಬಗೆಯ, ಎಷ್ಟು ಮಂದಿಯ ಮೇಲೆ ನೋಡಿದರು; ಯಾವ ಒರೆಗಲ್ಲಿಗೆ ಹೋಲಿಸಿದರು; ಹೋಲಿಸಿದವರಿಗೆ ಒರೆಗಲ್ಲಿನ ಉತ್ತರ ಮೊದಲೇ ತಿಳಿದಿತ್ತೆ; ಅಧ್ಯಯನಕ್ಕೆ ಹಣ ಕೊಟ್ಟವರು ಯಾರು. ಉತ್ತರಪತ್ರಿಕೆಯ ಮೇಲಿನ ಹೆಸರನ್ನು ಮುಚ್ಚಿ ಮೌಲ್ಯಮಾಪನ ಮಾಡಿಸುವ ನಮಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಿಲ್ಲ. ಈ ನಾಲ್ಕು ಸಾಲು ಕನ್ನಡದಲ್ಲಿರಲಿ. ತುಮಕೂರಿನ ಹಳ್ಳಿಯಿಂದ ಕೆಮ್ಮುತ್ತ ಬಂದವನಿಗೂ ತಿಳಿಯುವ ಕನ್ನಡದಲ್ಲಿರಲಿ. ಅದನ್ನು ಬರೆದುಕೊಡಲು ನಮ್ಮಂಥ ಮೇಷ್ಟರುಗಳು ಸಿದ್ಧರಿದ್ದೇವೆ, ಕೂಲಿಯೂ ಬೇಡ.

ವಾಚಕರು ಮಾಡಬೇಕಾದುದು ಇನ್ನೂ ಕಡಮೆ. ಮುಂದಿನ ಸಲ ವೈದ್ಯರು ಚೀಟಿ ಬರೆದಾಗ, ವಿನಯದಿಂದಲೇ, ಎರಡು ಮಾತು ಕೇಳಿ: “ಡಾಕ್ಟರೇ, ಇದರಿಂದ ಹೌದೆಂದು ಬಂದರೆ ಏನು ಮಾಡುತ್ತೀರಿ? ಇಲ್ಲವೆಂದು ಬಂದರೆ ಏನು ಮಾಡುತ್ತೀರಿ?” ಎರಡಕ್ಕೂ ಉತ್ತರ ಒಂದೇ ಆದರೆ ಆ ಪರೀಕ್ಷೆ ಬೇಕಾಗಿಲ್ಲ. ಒಳ್ಳೆಯ ವೈದ್ಯರು ಈ ಪ್ರಶ್ನೆಯಿಂದ ಸಂತೋಷಪಡುತ್ತಾರೆ. ಸಿಡುಕುವವರಿದ್ದರೆ, ಒಂದು ಪೈಸೆಯ ಖರ್ಚಿಲ್ಲದೆ ವೈದ್ಯರ ಪರೀಕ್ಷೆಯೂ ಆದಂತಾಯಿತು.